ಹಗೇವಿಗೆ ದೀಪ ಇಳಿಸುತ್ತಿದ್ದ ಮಾವ

ಮಾವನ ದನಿ ತೆಗೆದು ‘ಇಳೀಲಾ ಮಂಜ’ ಎಂದು ಕೂಗಿದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮೂರಿನಲ್ಲಿ ಈ ಸಂಗತಿ ಹೇಳುವವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ನಾನು ಬೇರೆ ಕಡೆಯಿಂದ ಶುರು ಮಾಡಿದರೆ ಯಾರಾದರೂ ಎದ್ದು ನಿಂತು, “ಲೇ, ಮೊದ್ಲು ನಿನ್ ಘನಂದಾರಿ ಕೆಲ್ಸ ಯೋಳ್ಲಾ” ಎನ್ನುತ್ತಾರೆ. ಹೇಳಿದೆ. ಇನ್ನು ಮಾವನ ಭುಜಗಳ ವಿಷಯಕ್ಕೆ ಬರುತ್ತೇನೆ.

ಮಾವನ ಎರಡು ಭುಜಗಳ ಮೇಲೂ ಒಂದೊಂದು ಕಪ್ಪು ಜಡ್ಡು ಇತ್ತು. ನೊಗ ಹೊತ್ತು ಹೊತ್ತು ಎತ್ತಿನ ಹೆಗಲ ಮೇಲೆ ಆಗುತ್ತದಲ್ಲ, ಅಂಥದು. ಆದರೆ ಅದು ನೊಗದಿಂದ ಬಂದದ್ದಲ್ಲ, ಹಗೇವಿನ ಬಾಯಿಯಿಂದ ಬಂದದ್ದು. ಹಗೇವು ಎಂದರೆ ನೆಲದೊಳಗಿನ ರಾಗಿ ಗುಂಡಿ. ಮೇಲೆ ಒಬ್ಬ ಮನುಷ್ಯ ಕಷ್ಟಪಟ್ಟು ತೂರುವಷ್ಟು ಬಾಯಿ, ಕೆಳಕ್ಕೆ ಹೋದಂತೆ ಹೂಜಿಯ ಹೊಟ್ಟೆಯ ಹಾಗೆ ಅಗಲ. ರಾಗಿ ತುಂಬಿ, ಹುಲ್ಲು ಹೊದಿಸಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹಿಡಿಯದು. ವಯಸ್ಸಿನಲ್ಲಿದ್ದಾಗ ಮಾವ ಮಲ್ಲಿಪಟ್ಟಣದ ಸುತ್ತಿನ ಹತ್ತಾರು ಊರಿನ ಹಗೇವುಗಳಿಗೆ ಇಳಿದವನು. ಇಳಿಯುವಾಗ, ಹತ್ತುವಾಗ ಕಲ್ಲಿನ ಅಂಚು ಉಜ್ಜಿ ಉಜ್ಜಿ ಆ ಜಡ್ಡು. “ಮಾವ, ನೀನು ಅಂಗಿ ಬಿಚ್ಚಿ ಸಂತೆಗೆ ಬರಬ್ಯಾಡ, ಹಲ್ಲು ನೋಡಿ ವ್ಯಾಪಾರ ಮಾಡ್ಬುಡ್ತಾರೆ” ಎಂದು ನಾನು ಕಾಡುತ್ತಿದ್ದೆ.

ಅವನು ನನಗೆ ರಕ್ತಸಂಬಂಧಿಯಲ್ಲ. ನಮ್ಮ ತಾಯಿ ಅವನನ್ನು ಅಣ್ಣ ಎನ್ನುತ್ತಿದ್ದಳು, ಅದರಿಂದ ನನಗೆ ಮಾವ. ನಮ್ಮ ಕಡೆ ಮಾವ, ಅಳಿಯ ಎಂದರೆ ಕೀಟಲೆಗೆ ಹುಟ್ಟಿನಿಂದಲೇ ಪರವಾನಗಿ ಸಿಕ್ಕಂತೆ. ಅವನು ನನ್ನನ್ನು ಕರೆಯುತ್ತಿದ್ದುದು “ಅಳಿಮಯ್ಯ” ಎಂದು. ನನಗೆ ಇರುವುದು ಒಂದೇ ವಿದ್ಯೆ, ಯಾರ ದನಿಯನ್ನಾದರೂ ಎರಡು ದಿನ ಕೇಳಿದರೆ ಮೂರನೆಯ ದಿನ ಅದು ನನ್ನ ಗಂಟಲಲ್ಲಿ ಇರುತ್ತದೆ. ಹಾಸನದ ಬಸ್ ನಿಲ್ದಾಣದ ಮೈಕಿನ ಹೆಂಗಸು, ನಮ್ಮೂರ ಡೇರಿ ಸೆಕ್ರೆಟರಿ, ನಾನು ಕೆಲಸ ಮಾಡುವ ಅರಕಲಗೂಡಿನ ಮೊಬೈಲ್ ಅಂಗಡಿಯ ಮಾಲೀಕ, ಹುಡುಗಿ ನೋಡಲು ಹೋಗಿ ನಾಲಿಗೆ ಒಣಗಿಸಿಕೊಂಡು ಕೂತ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ನಾನು ನನ್ನನ್ನು ಮಾಡಿದಾಗ ನಗು ಜಾಸ್ತಿ.

ಮಾವನನ್ನು ಮಾಡುವುದು ಸುಲಭ ಅಂದುಕೊಂಡಿದ್ದೆ. ಅವನು ಮೂಸದೆ ಏನನ್ನೂ ಮುಟ್ಟುತ್ತಿರಲಿಲ್ಲ. ಕಾಫಿ ಲೋಟ ಕೊಟ್ಟರೆ ಮೊದಲು ಮೂಗಿಗೆ. ಹೊಸ ಟವೆಲ್, ಬಸ್ ಟಿಕೆಟ್, ಮಗುವಿನ ನೆತ್ತಿ, ಎಲ್ಲವೂ ಮೊದಲು ಮೂಗಿಗೆ. ಮೂಸಿ, ಕಣ್ಣು ಅರ್ಧ ಮುಚ್ಚಿ, ಗಂಟಲಿನ ಆಳದಿಂದ “ಹ್ಞೂಂ” ಎಂದು ಒಂದು ಸದ್ದು ತೆಗೆದು, ಆಮೇಲೆ ಮಾತು. ಬಾವಿಯೊಳಗಿಂದ ಬಂದಂಥ, ಒಡಕು ಸೇರಿದ ದನಿ.

ಒಮ್ಮೆ ಊರಿನ ಹಳೆಯ ಕೊಟ್ಟಿಗೆಯೊಂದರ ಕಾಗದಪತ್ರಕ್ಕೆಂದು ಅವನನ್ನು ಹಾಸನದ ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಮೂರನೆಯ ಮಹಡಿ. ಲಿಫ್ಟಿನ ಬಾಗಿಲು ತೆರೆಯಿತು. ನಾನು ಒಳಗೆ ಹೋದೆ. ಮಾವ ಹೊಸ್ತಿಲಿನಲ್ಲೇ ನಿಂತು, ತಲೆ ಮುಂದೆ ಚಾಚಿ ಆ ಡಬ್ಬಿಯನ್ನು ಮೂಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದವನನ್ನು ಕೇಳಿದ. “ಇದ್ರೊಳಕ್ಕೆ ದೀಪ ಇಳ್ಸಿದ್ರಾ ಸಾ?”

ಆತನಿಗೆ ಅರ್ಥವಾಗಲಿಲ್ಲ. “ಲೈಟ್ ಐತಲ್ಲ ಅಜ್ಜ, ಉರೀತಾ ಐತೆ” ಎಂದ.

“ಅದು ಕರೆಂಟು. ಗಾಳಿ ಇಲ್ದಿದ್ರೂ ಉರೀತದೆ” ಎಂದು ಮಾವ ಮೆಟ್ಟಿಲ ಕಡೆ ನಡೆದ. ಮೂರು ಮಹಡಿ, ಎಪ್ಪತ್ತು ದಾಟಿದ ಮಂಡಿ. ನಾನು ಮೇಲೆ ಕಾಯುತ್ತಾ ನಿಂತು ಆ ಮಾತನ್ನು ಬಾಯಿಪಾಠ ಮಾಡಿಕೊಂಡೆ. ಮುಂದಿನ ಒಂದು ತಿಂಗಳು ಊರಿನಲ್ಲಿ ಯಾರ ಮನೆ ಬಾಗಿಲು ತಟ್ಟಿದರೂ ನಾನು ಕೇಳುತ್ತಿದ್ದುದು, “ದೀಪ ಇಳ್ಸಿದ್ರಾ ಸಾ?”

ಇನ್ನು ಆ ಕೊಟ್ಟಿಗೆ. ಊರಾಚೆ ಕಣದ ಪಕ್ಕದಲ್ಲಿ ನಮ್ಮ ಮುತ್ತಾತಂದಿರ ಕಾಲದ್ದೊಂದು ದೊಡ್ಡ ಕೊಟ್ಟಿಗೆಯಿದೆ. ಹದಿನಾರು ಮರದ ಕಂಬ, ನಾಡಹೆಂಚು, ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಒಂದು ಅರ್ಧ ಎತ್ತುಗಳಿಗೆ, ಇನ್ನೊಂದು ಅರ್ಧ ಕಾಳಿಗೆ. ಕಾಳಿನ ಅರ್ಧದ ನೆಲದಲ್ಲೇ ಹಗೇವು. ಒಂದು ಮಳೆಗಾಲದಲ್ಲಿ ಹಿಂದಿನ ಗೋಡೆ ಕೂತುಬಿಟ್ಟಿತು. ಜೆಸಿಬಿ ತರಿಸಿ ಸಪಾಟು ಮಾಡೋಣ ಎಂದವರಿದ್ದರು. ಕೊನೆಗೆ ಊರಿನ ರೈತರೇ ಸೇರಿ, ಇದನ್ನು ಹಳೆಯ ರೀತಿಯಲ್ಲೇ ಎಬ್ಬಿಸೋಣ, ನೇಗಿಲು, ಕೂರಿಗೆ, ಕೊಳಗ ಎಲ್ಲ ಇಲ್ಲಿಡೋಣ, ನಾಟಿ ರಾಗಿಯ ಬಿತ್ತನೆ ಬೀಜವನ್ನು ಮತ್ತೆ ಹಗೇವಿಗೇ ಹಾಕೋಣ, ಶಾಲೆ ಮಕ್ಕಳು ಬಂದು ನೋಡಲಿ ಎಂದು ತೀರ್ಮಾನಿಸಿದರು. ಹಳೆಯ ರೀತಿ ಗೊತ್ತಿದ್ದವನು ಮಾವ ಒಬ್ಬನೇ.

ಮಣ್ಣು ತುಳಿಯುವ ಗುಂಪಿನಲ್ಲಿ ನಾನಿದ್ದೆ. ಹುಲ್ಲು ಕತ್ತರಿಸಿ ಹಾಕಿ, ನೀರು ಬಿಟ್ಟು, ದಿನಾ ತುಳಿಯಬೇಕು. ಮಾವ ಬೆಳಿಗ್ಗೆ ಬಂದು ಒಂದು ಹಿಡಿ ಮಣ್ಣು ಮೂಸುತ್ತಿದ್ದ. “ಇನ್ನೂ ಹುಳಿ ಬಂದಿಲ್ಲ. ತುಳೀರಿ.” ನಾವು ತುಳಿಯುತ್ತಿದ್ದೆವು. ಐದನೆಯ ದಿನ ನಾನು ಗೋಡೆಯ ಹಿಂದೆ ನಿಂತು, “ಹ್ಞೂಂ… ಹುಳಿ ಬಂತು, ಎತ್ರುಲಾ” ಎಂದೆ. ಎಲ್ಲರೂ ಕೊಚ್ಚೆಯಿಂದ ಎದ್ದು ಕಾಲು ತೊಳೆದುಕೊಂಡುಬಿಟ್ಟರು. ಮಾವ ಬಂದಾಗ ಗಂಗಾಳದಲ್ಲಿ ಕೈ ತೊಳೆಯುತ್ತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ನನ್ನ ಕಡೆ ತಿರುಗಿ, “ಚೆಂದಾಗ್ ಬತ್ತದೆ ಕಣ್ಲಾ ಅಳಿಮಯ್ಯ” ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗೋಡೆ ಎದ್ದಿತು, ಹೊಳೆನರಸೀಪುರದಲ್ಲಿ ಕೆಡವಿದ ಮನೆಯೊಂದರಿಂದ ತಂದ ನಾಡಹೆಂಚು ಮೇಲೇರಿತು. ಉಳಿದದ್ದು ಹಗೇವು. ನಲವತ್ತು ವರ್ಷದಿಂದ ಮುಚ್ಚಿದ್ದ ಬಾಯಿ. ಆ ಚಪ್ಪಡಿಯ ಹತ್ತಿರ ಬಂದಾಗಲೆಲ್ಲ ಮಾವನ ನಡಿಗೆ ಬದಲಾಗುತ್ತಿತ್ತು. ಮಲಗಿದ ನಾಯಿಯನ್ನು ದಾಟುವವನ ಹಾಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದ.

“ಯಾಕ್ ಮಾವ ಅಷ್ಟು ಎದರ್ತೀಯ?” ಎಂದು ಕೇಳಿದೆ.

“ಇಳ್ದಿದ್ದೀನಲ್ಲ, ಅದ್ಕೆ.”

ಹಗೇವು ತೆಗೆಯುವುದಕ್ಕೆ ಅವನದೊಂದು ಕ್ರಮ ಇತ್ತು. ಮುಚ್ಚಿದ ಗುಂಡಿಯೊಳಗೆ ಗಾಳಿ ಕೆಟ್ಟಿರುತ್ತದೆ. ಅದಕ್ಕೆ ಬಣ್ಣವಿಲ್ಲ, ಎಷ್ಟೋ ಸಲ ವಾಸನೆಯೂ ಇರುವುದಿಲ್ಲ. ಇಳಿದವನು ಎರಡು ಉಸಿರಿಗೆ ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನು ಮೂರನೆಯದಕ್ಕೆ. ಆದ್ದರಿಂದ ಚಪ್ಪಡಿ ಸರಿಸಿ ದೂರ ನಿಲ್ಲಬೇಕು. ಬುಟ್ಟಿಯಲ್ಲಿ ಹಣತೆ ಇಟ್ಟು ಹಗ್ಗದಲ್ಲಿ ಇಳಿಸಬೇಕು. ಆರಿದರೆ, ಹೊಂಗೆ ಸೊಪ್ಪಿನ ದೊಡ್ಡ ಕಟ್ಟನ್ನು ಇಳಿಸಿ ಎತ್ತಿ, ಇಳಿಸಿ ಎತ್ತಿ, ಒಳಗಿನ ಗಾಳಿಯನ್ನು ಕಲಕಬೇಕು. ಮತ್ತೆ ದೀಪ. ದೀಪ ತಳದಲ್ಲಿ ಕೂತು, ಮಾವ ಒಂದು ಎಲೆ ಅಡಿಕೆ ಬಾಯಿಗೆ ಹಾಕಿ, ಪೂರ್ತಿ ಅಗಿದು, ಎದ್ದು ಹೋಗಿ ಉಗುಳಿ ಬರುವವರೆಗೂ ಅಲ್ಲಾಡದೆ ಉರಿಯಬೇಕು. ಆಗ ಅವನು “ಇಳೀಲಾ” ಎನ್ನುತ್ತಾನೆ. ಅವನು ಅನ್ನುವ ತನಕ ದೇವರು ಹೇಳಿದರೂ ಯಾರೂ ಇಳಿಯುವಂತಿಲ್ಲ.

ಇಳಿಯುವವನ ಸೊಂಟಕ್ಕೆ ಹಗ್ಗ. ಮೇಲೆ ಹಗ್ಗ ಹಿಡಿದು ನಾಲ್ಕು ಜನ. ಇಳಿಯುವವನು ಏಣಿಯ ಒಂದೊಂದು ಮೆಟ್ಟಿಲಿಗೂ, ರಾಗಿ ಅಳೆಯುವಾಗ ಎಣಿಸುವ ಹಾಗೆ, ಒಂದು ಎನ್ನದೆ ‘ಲಾಭ’ ಎಂದು ಶುರು ಮಾಡಿ, ಎರಡು, ಮೂರು ಎಂದು ಗಟ್ಟಿಯಾಗಿ ಕೂಗಬೇಕು. “ಮ್ಯಾಲಿರೋನ್ಗೆ ಕಣ್ಣಿಲ್ಲ, ಕಿವಿ ಒಂದೇಯ. ಲೆಕ್ಕ ನಿಂತ್ರೆ ಬಗ್ಗಿ ನೋಡ್ಬ್ಯಾಡಿ. ಎಳೀರಿ” ಎನ್ನುತ್ತಿದ್ದ ಮಾವ.

ಇಳಿಯಲು ಆಯ್ಕೆಯಾದವನು ನನ್ನ ದೊಡ್ಡಪ್ಪನ ಮಗ ಮಂಜಣ್ಣ. ಧೈರ್ಯಕ್ಕಲ್ಲ, ಊರಿನ ಹುಡುಗರಲ್ಲಿ ಆ ಬಾಯಿಗೆ ಸಲೀಸಾಗಿ ಹಿಡಿಸುವ ಮೈ ಅವನದೊಬ್ಬನದೇ. ಮಾವ ಎರಡು ವಾರ ತಾಲೀಮು ಮಾಡಿಸಿದ. ಮಂಜಣ್ಣ ಅಟ್ಟದ ಏಣಿಯಲ್ಲಿ ಇಳಿಯುವುದು, ಹಗ್ಗದವರು ಎಳೆಯುವುದು. ಹಗ್ಗದ ಮುಂದಾಳು ನಿಂಗಣ್ಣ. ಅವರು ಕಾಫಿಗೆ ಕೂತಾಗ ನಾನು ಕಂಬದ ಮರೆಯಿಂದ ಮಾವನ ದನಿಯಲ್ಲಿ “ಎಳೀರ್ಲಾ” ಎಂದರೆ, ಲೋಟ ಬಿಸಾಕಿ ಎಳೆದುಬಿಡುತ್ತಿದ್ದರು. ಬೋಂಡಾ ತಿನ್ನುತ್ತಿದ್ದ ಮಂಜಣ್ಣ ಬೋಂಡಾ ಸಮೇತ ನೆಲದ ಮೇಲೆ ಜಾರಿಕೊಂಡು ಹೋಗುತ್ತಿದ್ದ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಾಲ್ಕನೆಯ ಸಲ ಅವರು ಎಳೆಯಲಿಲ್ಲ. “ಇದು ಅವ್ನೇ ಕಣ, ಬುಡು” ಎಂದ ನಿಂಗಣ್ಣ. ನನಗೆ ಸ್ವಲ್ಪ ಬೇಜಾರೂ ಆಯಿತು.

ತೆಗೆಯುವ ದಿನ ಒಂದು ಭಾನುವಾರ. ಹಾಸನದ ಕಾಲೇಜೊಂದರಿಂದ ಒಂದು ಬಸ್ಸಿನ ತುಂಬ ಹುಡುಗ ಹುಡುಗಿಯರು, ಜೊತೆಗೊಬ್ಬರು ಮೇಡಂ. ದಂಡಿಗನಹಳ್ಳಿ ಕಡೆಯಿಂದ ನಾಟಿ ರಾಗಿಯ ತೆನೆ ಕಟ್ಟಿಕೊಂಡು ಬಂದ ನಾಲ್ಕು ಜನ ರೈತರು. ಚಪ್ಪಡಿಯನ್ನು ಹಿಂದಿನ ದಿನವೇ ಸರಿಸಿದ್ದರು. ಬೆಳಿಗ್ಗೆ ಇಳಿಸಿದ ದೀಪ ಅರ್ಧಕ್ಕೇ ಆರಿತು. ಸೊಪ್ಪು ಆಡಿಸಿದರು. ಎರಡನೆಯ ದೀಪ ತಳ ಮುಟ್ಟಿ ಆರಿತು. ಮೂರನೆಯದು ತಳದಲ್ಲಿ ಉರಿಯಿತು, ಆದರೆ ನಾಲಿಗೆ ಚಿಕ್ಕದು, ನೀಲಿ. ಮಾವ ಅಗಿಯುತ್ತಿದ್ದ ಎಲೆಯನ್ನು ಅರ್ಧಕ್ಕೇ ಉಗಿದ.

“ಇವತ್ತಾಗ್ಲಿಲ್ಲ ಅಂದ್ರೆ ನಾಳೆ” ಎಂದ.

ಮೇಡಂ ಗಡಿಯಾರ ನೋಡಿಕೊಂಡರು. “ಮಕ್ಳು ನೋಡ್ಲಿ ಅಂತ ಬಂದ್ವಿ ಅಜ್ಜ. ಮಧ್ಯಾಹ್ನ ಹೊರಡಬೇಕು.”

“ನೋಡ್ಲಿ ತಾಯಿ. ದೀಪ ಆರಾದ್ನ ನೋಡ್ಲಿ. ಅದೇ ನೋಡಾದು.” ಮಾವ ಮಚ್ಚು ತೆಗೆದುಕೊಂಡು ಹೊಸ ಸೊಪ್ಪು ಕಡಿಯಲು ಕಣದ ಆ ತುದಿಯ ಹೊಂಗೆ ಮರಕ್ಕೆ ಹೊರಟ. ಹೋಗುವಾಗ ಮಂಜಣ್ಣನಿಗೆ ಹೇಳಿದ. “ನಾ ಬರಾಗಂಟ ಅಲ್ಲಾಡ್ಬ್ಯಾಡ.” ಮಂಜಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬಾಯೊಳಗೆ ಕಾಲು ಇಳಿಬಿಟ್ಟು, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ.

ಹೊರಗೆ ಗೋಡೆಯ ನೆರಳಿನಲ್ಲಿ ಹುಡುಗರು ಬೇಸರದಿಂದ ಮೊಬೈಲ್ ತೀಡುತ್ತಿದ್ದರು. ಬೇಸರದ ಮುಖಗಳನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಒಂದು ಕಾಫಿ ಲೋಟ ತೆಗೆದುಕೊಂಡು ಮೂಸಿದೆ. ಕಣ್ಣು ಅರ್ಧ ಮುಚ್ಚಿದೆ. “ಹ್ಞೂಂ… ಇದ್ರೊಳಕ್ಕೆ ದೀಪ ಇಳ್ಸಿದ್ರಾ ತಾಯಿ?” ಒಬ್ಬಳು ಹುಡುಗಿ ಕಾಫಿ ಕಕ್ಕಿಕೊಂಡು ನಕ್ಕಳು. ನನಗೆ ಅಷ್ಟು ಸಾಕು. ಮಣ್ಣು ಮೂಸಿದೆ, ಮೇಡಂ ಬ್ಯಾಗು ಮೂಸಿದೆ, ಮಾವನ ನಡಿಗೆ ನಡೆದೆ, ಇಲ್ಲದ ಎಲೆ ಅಡಿಕೆ ಅಗಿದೆ, ಉಗಿದೆ. ಮುಗಿಸುವುದಕ್ಕೆ ಏನಾದರೂ ಬೇಕಿತ್ತು. ಎದೆ ಉಬ್ಬಿಸಿ, ಬಾವಿಯಾಳದಿಂದ ತೆಗೆದೆ.

“ಹ್ಞೂಂ… ಇಳೀಲಾ ಮಂಜ!”

ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಗೋಡೆಯಾಚೆಯಿಂದ ಮಂಜಣ್ಣನ ದನಿ. “ಲಾಭ.”

ಅವನೂ ಆಟಕ್ಕೆ ಸೇರಿಕೊಂಡ ಎಂದುಕೊಂಡೆ. ಅವನಿಗೆ ಹುಡುಗಿಯರ ಮುಂದೆ ಮೆರೆಯುವ ಚಾಳಿಯಿತ್ತು. “ಎರಡು.” ಹುಡುಗರು ನಕ್ಕರು, ನಾನೂ ನಕ್ಕೆ. “ಮೂರು.” ಆಗ ಕಣದ ಆ ತುದಿಯಲ್ಲಿ ತೋಳ ತುಂಬ ಸೊಪ್ಪು ತಬ್ಬಿಕೊಂಡು ಬರುತ್ತಿದ್ದ ಮಾವ ಕಂಡ. ಅವನು ನಿಂತ. ಸೊಪ್ಪು ಕೈಯಿಂದ ಬಿತ್ತು. ಆ ಮನುಷ್ಯ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪಂಚೆ ಬಿಚ್ಚಿಹೋದರೂ ನಿಲ್ಲದೆ ಬರೀ ಚಡ್ಡಿಯಲ್ಲಿ ಓಡಿದ.

“ನಾಕು.” ದನಿ ದಪ್ಪಗಾಗಿತ್ತು. “ಐದು” ಎಂಬುದು ನಿದ್ದೆಯಲ್ಲಿ ಆಡಿದ ಹಾಗೆ ಬಂತು.

ಆರು ಬರಲಿಲ್ಲ.

ಕೂಗಬೇಕು ಅನ್ನಿಸಿತು, ನನ್ನ ದನಿ ಯಾವುದು ಎಂದೇ ತೋಚಲಿಲ್ಲ. ಅಷ್ಟು ಹೊತ್ತಿಗೆ ಮಾವ ಕಣದ ನಡುವಿನಿಂದಲೇ ಕಿರುಚಿದ. “ಎಳೀರ್ಲಾ! ಎಳೀರೋ!”

ನಾನು ಬಾಗಿಲಿಗೆ ಬಂದಿದ್ದೆ. ‘ಇಳೀಲಾ’ ಎಂದದ್ದು ಮಾವನೇ ಎಂದು ನಂಬಿ ಹಗ್ಗ ಬಿಟ್ಟುಕೊಟ್ಟಿದ್ದ ಒಳಗಿನ ನಾಲ್ವರು, ಹೊರಗಿನ ನಗು ಕೇಳಿ ಅನುಮಾನ ಬಂದು, ಹಗ್ಗ ಹಿಡಿದು ನಿಂತಿದ್ದರು. ಎಳೆಯಲಿಲ್ಲ. ನಿಂಗಣ್ಣ ತಿರುಗಿ ನನ್ನ ಬಾಯಿಯನ್ನು ನೋಡಿದ. ಕೂಗಿದ್ದು ನಾನೋ ಮಾವನೋ ಎಂದು ನೋಡಿದ. ಆ ನೋಟಕ್ಕೆ ಒಂದು ಉಸಿರಿನಷ್ಟು ಹೊತ್ತು ಹಿಡಿದಿರಬಹುದು. ಕೆಳಗಿದ್ದವನಿಗೆ ಆ ಉಸಿರು ಇರಲಿಲ್ಲ. ಈಗಲೂ ಯಾರಾದರೂ ಮಾತಿನ ನಡುವೆ ನನ್ನ ಬಾಯಿಯನ್ನೇ ನೋಡಿದರೆ ನಾನು ಮುಖ ಬೇರೆ ಕಡೆ ತಿರುಗಿಸಿಬಿಡುತ್ತೇನೆ.

“ನಾನಲ್ಲ!” ಎಂದೆ. ಎಳೆದರು. ಹಗ್ಗ ಬಿಗಿಯಿತು, ನಿಂತಿತು. ಮಂಜಣ್ಣನ ಮೊಣಕೈ ಏಣಿಯ ಮೆಟ್ಟಿಲಿಗೆ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಏಣಿಯೇ ಮೇಲೆ ಬರುತ್ತಿತ್ತು. ನಾನು ಬಗ್ಗಿ ಇಳಿಯಲು ಹೋದೆ. ಹಿಂದಿನಿಂದ ಕೊರಳಪಟ್ಟಿಗೆ ಕೈ ಬಿತ್ತು, ಎತ್ತಿ ಆಚೆಗೆ ಎಸೆದ ಮಾವ. “ಕಾಲು ಇಡ್ಕೊ” ಎಂದ. ಒಂದು ಸಲ ಎದೆ ತುಂಬ ಉಸಿರು ಎಳೆದುಕೊಂಡು, ಬಾಯಿ ಬಿಗಿದು, ತಲೆ ಕೆಳಗಾಗಿ ಹಗೇವಿನೊಳಗೆ ಇಳಿದ. ಭುಜದ ಜಡ್ಡುಗಳು ಕಲ್ಲನ್ನು ಉಜ್ಜಿಕೊಂಡು ಒಳಗೆ ಹೋದವು. ನಾನು ಅವನ ಎರಡೂ ಕಾಲುಗಳನ್ನು ಎದೆಗೆ ಅವುಚಿಕೊಂಡು ಕೂತೆ.

ಆ ಕಾಲುಗಳು ನಡುಗುತ್ತಿದ್ದವು. ಭಾರಕ್ಕಲ್ಲ. ಜ್ವರ ಬಂದ ಮಗುವಿನ ಹಾಗೆ, ಪಾದದಿಂದ ತೊಡೆಯವರೆಗೆ ನಡುಗುತ್ತಿದ್ದವು. ಎರಡು ತಿಂಗಳು ಅವನ ದನಿ, ಮೂಗು, ನಡಿಗೆ ಎಲ್ಲವನ್ನೂ ಕದ್ದವನಿಗೆ ಇದೊಂದು ಗೊತ್ತೇ ಇರಲಿಲ್ಲ. ನಾನೂ ನಡುಗುತ್ತಿದ್ದೆ. ಸ್ವಲ್ಪ ಹೊತ್ತಿಗೆ ಯಾರ ನಡುಕ ಯಾವುದೆಂದು ತಿಳಿಯದಾಯಿತು. ಅವನ ಹಿಮ್ಮಡಿ ಎರಡು ಸಲ ನನ್ನ ಎದೆಗೆ ಗುದ್ದಿತು. ಎಳೆದೆ. ಮಾವ ಹೊರಬಂದ, ಮುಖ ಬದನೆಕಾಯಿ ಬಣ್ಣ. ಅವನ ಹಿಂದೆಯೇ, ಮೊಣಕೈಯ ತೊಡಕು ಬಿಟ್ಟು, ಹಗ್ಗದ ತುದಿಯಲ್ಲಿ ಒದ್ದೆ ಗೋಣಿಚೀಲದ ಹಾಗೆ ಮಂಜಣ್ಣ.

ಬಾಗಿಲಾಚೆಯ ಗಾಳಿಗೆ ಎಳೆದು ಹಾಕಿದರು. ತುಟಿ ನೀಲಿಯಾಗಿತ್ತು. ಮಾವ ಅವನ ಮೂಗಿನ ಹತ್ತಿರ ಮೂಗಿಟ್ಟ. ಮೇಡಂ ಎದೆ ಒತ್ತಿದರು, ಬಾಯಿಗೆ ಬಾಯಿಟ್ಟು ಊದಿದರು. ಬಸ್ಸಿನ ತುಂಬ ಬಂದವರೆಲ್ಲ ನಿಂತಲ್ಲೇ ನಿಂತಿದ್ದರು, ಒಬ್ಬರೂ ಮೊಬೈಲ್ ತೆಗೆಯಲಿಲ್ಲ. ಮಂಜಣ್ಣ ಕೆಮ್ಮಿದ. ಕಕ್ಕಿದ. ಕಣ್ಣು ಬಿಡದೆಯೇ “ಆರು” ಎಂದ.

ಕಾಲೇಜಿನ ಬಸ್ಸಿನಲ್ಲೇ ಅರಕಲಗೂಡಿನ ಆಸ್ಪತ್ರೆಗೆ ಹೋದೆವು. ಎರಡು ದಿನಕ್ಕೆ ಅವನು ಮನೆಗೆ ಬಂದ. ನನಗೆ ಮಾತ್ರ ಆ ಭಾನುವಾರದಿಂದ ಹೊರಬರಲಾಗಲಿಲ್ಲ. ನಮ್ಮಪ್ಪ ಹೊಡೆದ, ದೊಡ್ಡಮ್ಮ ನನ್ನ ಮುಖ ನೋಡಲಿಲ್ಲ, ಅದೆಲ್ಲ ಸರಿ. ಭಯವಾದದ್ದು ಬೇರೆಯದಕ್ಕೆ. ಅಂಗಡಿಯಲ್ಲಿ ಗಿರಾಕಿ ಏನಾದರೂ ಕೇಳಿದರೆ ಬಾಯಿ ತೆರೆಯುವ ಮುಂಚೆ, ಯಾರ ದನಿ ಬರುತ್ತದೋ ಎಂದು ಹೆದರುತ್ತಿದ್ದೆ. ಒಂಬತ್ತು ದಿನ ಹೂಂ, ಉಹೂಂನಲ್ಲೇ ಕಳೆದೆ. ಹತ್ತನೆಯ ದಿನ ಬೆಳಿಗ್ಗೆ ಮಾವನೇ ನಮ್ಮ ಜಗಲಿಗೆ ಬಂದ. ಅವ್ವ ಕೊಟ್ಟ ಕಾಫಿ ಮೂಸಿ, ಕುಡಿದು, ಲೋಟ ಕೆಳಗಿಟ್ಟ.

ನಾನು ಕಾಲಿಗೆ ಬಿದ್ದೆ. “ಇನ್ನು ಯಾರ್ ದನೀನೂ ತೆಗೆಯಾಕಿಲ್ಲ ಮಾವ.”

“ಅದು ನಿನ್ನಿಷ್ಟ. ದೀಪ ತಗಂಡು ಬಾ.”

ಅಂದಿನಿಂದ ದಿನಾ ಬೆಳಿಗ್ಗೆ, ಅಂಗಡಿಗೆ ಹೊರಡುವ ಮುಂಚೆ, ನಾನು ಆ ಬಾಯಿಯ ಮುಂದೆ ಕೂತು, ಸೊಪ್ಪು ಆಡಿಸದೆ, ಬರೀ ಹಣತೆ ಇಳಿಸಬೇಕು. ಮಾವ ಗೋಡೆಗೆ ಒರಗಿ ಕೂರುತ್ತಿದ್ದ. ದೀಪ ಇಳಿಯುತ್ತಿತ್ತು. ಒಂದು ಹಂತ ದಾಟಿದ ಮೇಲೆ ಯಾರೋ ಕೆಳಗಿಂದ ಊದಿದ ಹಾಗೆ ಆರುತ್ತಿತ್ತು. ಸದ್ದಿಲ್ಲ, ಹೊಗೆಯಿಲ್ಲ. ಪ್ರತಿ ದಿನ ಅದು ಆರುವ ಆ ಗಳಿಗೆಯಲ್ಲಿ ನನಗೆ ‘ಆರು’ ಕೇಳಿಸುತ್ತಿತ್ತು. ಎಷ್ಟೋ ವಾರದ ಮೇಲೆ ಒಂದು ದಿನ ಆರಲಿಲ್ಲ. ನಾನು ಮಾವನ ಕಡೆ ನೋಡಿದೆ, ಅವನು ನನ್ನನ್ನು ನೋಡುತ್ತಿದ್ದ. ನಾನು ಎಲೆ ಅಡಿಕೆ ಹಾಕಿಕೊಂಡೆ, ಅಗಿದೆ, ಉಗಿದು ಬಂದೆ. ದೀಪ ನೆಟ್ಟಗೆ ಉರಿಯುತ್ತಿತ್ತು. ಆದರೂ ‘ಇಳಿ’ ಎನ್ನಲು ನನಗೆ ಬಾಯಿ ಬರಲಿಲ್ಲ. “ನಾಳೆ ನೋಡಾಣ ಮಾವ” ಎಂದೆ. ಮಾವ ಪಂಚೆ ಕೊಡವಿಕೊಂಡು ಎದ್ದ.

ಆಮೇಲೊಂದು ದಿನ ದೀಪ ನೋಡಿ ಮಾವ ‘ಇಳೀಲಾ’ ಎಂದಾಗ ಮಂಜಣ್ಣನೇ ಇಳಿದು ಗುಂಡಿ ಗುಡಿಸಿದ. ಒಳಗೋಡೆ ಸಾರಿಸಿದರು, ಒಣಹುಲ್ಲು ಹೊದಿಸಿದರು. ದಂಡಿಗನಹಳ್ಳಿಯವರ ರಾಗಿಯೂ ಸೇರಿ ಏಳು ಬಗೆಯ ನಾಟಿ ರಾಗಿ ಮೂಟೆಮೂಟೆಯಾಗಿ ಒಳಗೆ ಹೋಯಿತು. ಕೊಟ್ಟಿಗೆಗೆ ಈಗ ಶಾಲೆಯ ಮಕ್ಕಳು ಬರುತ್ತಾರೆ. ಕೂರಿಗೆಯನ್ನು ಮುಟ್ಟಿ ನೋಡುತ್ತಾರೆ, ಬಾಯಿ ಮುಚ್ಚಿದ ಚಪ್ಪಡಿಯ ಸುತ್ತ ಕಟ್ಟಿದ ಹಗ್ಗದಾಚೆ ನಿಂತು ನನ್ನಿಂದ ಕತೆ ಕೇಳುತ್ತಾರೆ.

ಮಾವ ಹೋಗಿ ಎರಡು ವರ್ಷವಾಯಿತು. ಮಲಗಿದ್ದು ಹದಿನೈದೇ ದಿನ. ಮೈ ತೊಳೆಯುವಾಗ ಭುಜಕ್ಕೆ ನೀರು ಹಾಕಿದವನು ನಾನು. ಜಡ್ಡು ಕೈಗೆ ಒರಟಾಗಿ ಸಿಕ್ಕಿತು. ಅವನ ದನಿ ಈಗಲೂ ನನ್ನ ಗಂಟಲಿನಲ್ಲಿದೆ. ತೆಗೆ ಎಂದು ಎಷ್ಟೋ ಜನ ಕೇಳಿದ್ದಾರೆ, ಅವನ ಹೆಂಡತಿಯೂ ಒಂದು ಸಲ ಕೇಳಿದಳು. ತೆಗೆದಿಲ್ಲ. ವರ್ಷಕ್ಕೊಮ್ಮೆ ಬಿತ್ತನೆಗೆ ಮುಂಚೆ ಹಗೇವು ತೆಗೆಯುವ ದಿನ, ದೀಪ ನೋಡಿ, ನನ್ನದೇ ಸಪ್ಪೆ ದನಿಯಲ್ಲಿ ಇಳಿ ಎನ್ನುತ್ತೇನೆ. ಪ್ರತಿ ಸಲವೂ ಆ ಮಾತಿಗೆ ಮುಂಚೆ ನನ್ನ ಕಾಲು ನಡುಗುತ್ತದೆ. ಅಕ್ಕಪಕ್ಕದವರಿಗೆ ಕಾಣುತ್ತದೆ. ಯಾರೂ ನಗುವುದಿಲ್ಲ.

ಆ ಕೆಲಸ ನನ್ನ ಪಾಲಿಗೆ ಬಂದದ್ದು ಮಾವ ಮಲಗಿದ್ದಾಗ. ಆ ವರ್ಷದ ಹಗೇವು ತೆಗೆಯಬೇಕಿತ್ತು, ಅವನಿಗೆ ಏಳಲಾಗುತ್ತಿರಲಿಲ್ಲ. ಊರಿನವರು ಅವನ ಮಂಚದ ಸುತ್ತ ಸೇರಿದ್ದರು. ಇನ್ನು ಮೇಲೆ ದೀಪ ನೋಡಿ ‘ಇಳಿ’ ಎನ್ನುವವರು ಯಾರು ಎಂದು ಕೇಳಿದಾಗ ಮಾವ ಗಲ್ಲ ಎತ್ತಿ ನನ್ನನ್ನು ತೋರಿಸಿದ. ನಾನು ತಲೆ ತಗ್ಗಿಸಿದೆ. ಕೋಣೆಯಲ್ಲಿ ಗುಸುಗುಸು. ನಿಂಗಣ್ಣ ಎದ್ದು ನಿಂತ. ಅವನಿಗೆ ಸಿಟ್ಟು ಬರುವ ಹಕ್ಕಿತ್ತು. “ಇವ್ನಾ? ನಿನ್ ದನಿ ತೆಗ್ದು ಆಟ ಆಡಿ ನಮ್ ಮಂಜನ್ನ ಸಾಯ್ಸಕ್ಕೋದೋನು ಇವ್ನು. ನಾಳೆ ಇವ್ನು ಇಳಿ ಅಂದ್ರೆ ನಾವ್ ಹಗ್ಗ ಬುಡ್ಬೇಕಾ? ಊರಲ್ಲಿ ಬ್ಯಾರೆ ಗಂಡಸ್ರಿಲ್ವಾ ಮಾವ?”

ಮಾವ ಬಹಳ ಹೊತ್ತು ಉಸಿರು ಸೇರಿಸಿಕೊಂಡ. ಆಮೇಲೆ ನಿಂಗಣ್ಣನನ್ನು ನೋಡಿ ಹೇಳಿದ.

“ಆಗ ನನ್ ದನಿ ಒಂದೇ ಕಲ್ತಿದ್ದ ಕಣ್ಲಾ. ಈಗ ಎದರಾದ್ನೂ ಕಲ್ತವ್ನೆ. ನಿಂಗೆ ಬತ್ತದೇನ್ಲಾ, ಎದರಾಕೆ?”